ಕಡೆಯ ಗದ್ದೆಯ ಗೃಹೀತ

ನನ್ನ ಲ್ಯಾಪ್‌ಟಾಪಿನಲ್ಲಿರುವ ಒಂದು ಪ್ರೋಗ್ರಾಮಿಗೆ ತಾಳೆ ನೋಡುವುದೊಂದೇ ಕೆಲಸ. ಒಂದು ಕಡೆ, ಯಂತ್ರ ಏನು ಮಾಡಬೇಕು, ಏನನ್ನು ಎಂದೂ ಮಾಡಬಾರದು ಎಂದು ಗಣಿತದ ಚಿಹ್ನೆಗಳಲ್ಲಿ ಬರೆದ ಕರಾರು ಇರುತ್ತದೆ. ಇನ್ನೊಂದು ಕಡೆ ಆ ಕರಾರನ್ನು ನೋಡಿಕೊಂಡು ನಾನು ಬರೆದ ಕೋಡು. ಕೋಡು ಯಾವ ಗಳಿಗೆಯಲ್ಲೂ ಕರಾರು ಮೀರುವುದಿಲ್ಲ ಎಂದು ಖಾತ್ರಿಯಾದರೆ ಪರದೆಯ ಕೆಳಗೆ ಹಸಿರು ಗೆರೆ ಬರುತ್ತದೆ, ಇಲ್ಲದಿದ್ದರೆ ಕೆಂಪು. ಕೆಂಪು ಬಂದಾಗ ಅದು ಬೈಯುವುದಿಲ್ಲ, ದಾರಿಯನ್ನೂ ತೋರಿಸುವುದಿಲ್ಲ. ಇಂಥ ಸಾಲಿನಲ್ಲಿ ನೀವು ಕೊಟ್ಟ ಮಾತು ಮುರಿಯಬಹುದು ಎಂದಷ್ಟೇ ಹೇಳಿ ಕೂತುಬಿಡುತ್ತದೆ.

ಅದು ತಾಳೆ ನೋಡುವ ಹೊತ್ತಿನಲ್ಲಿ ನಾನು ಕೊಪ್ಪಳದ ನಮ್ಮ ಮನೆಯ ಅಡುಗೆಕಟ್ಟೆಯ ಹತ್ತಿರ ಮೆಂತ್ಯಸೊಪ್ಪು ಸೋಸುತ್ತೇನೆ, ಇಲ್ಲವೆ ಶೇಂಗಾ ಹುರಿಯುತ್ತೇನೆ. ಲ್ಯಾಪ್‌ಟಾಪು ಜೋಳದ ಡಬ್ಬಿಯ ಮೇಲಿರುತ್ತದೆ. ಮನೆಯಲ್ಲಿ ಫ್ಯಾನಿನ ಗಾಳಿಯೂ ಪ್ಲಗ್ಗೂ ಎರಡೂ ಎಟುಕುವ ಜಾಗ ಅದೊಂದೇ. ಎದುರಿಗೆ ಅತ್ತೆ ಕೂತಿರುತ್ತಾರೆ. ಅವರು ಕುಷ್ಟಗಿ ತಾಲೂಕಿನ ತಾವರಗೇರಾ ಕಡೆಯವರು, ಸಜ್ಜೆ ತೊಗರಿಯ ನೆಲದವರು. ಪರದೆಯ ಅಕ್ಷರ ಅವರಿಗೆ ಬೇಕಿಲ್ಲ, ಬಣ್ಣ ಕಂಡರೆ ಸಾಕು.

“ಕೆಂಪ ಬಂತಲ್ಲವಾ?”

“ಬಂತ್ರಿ ಅತ್ತಿ.”

“ನಿನ್ನಿನೂ ಅದ ಇತ್ತು.”

“ನಿನ್ನಿದ ಇದು. ಬಿಡವಲ್ದು.”

“ಹಂಗಾರ ಏನರ ತಪ್ಪಿರಬೇಕು ಬಿಡು. ಸುಮ್ಮ ಸುಮ್ಮನ ಯಾಕ ಹಠ ಹಿಡಿತೈತಿ?”

ಆ ಹಠದ ಹಿಂದೆ ಇದ್ದದ್ದು ನನ್ನ ಅಕ್ಕನ ಗದ್ದೆ. ಆಗ ಅದು ನನಗಿನ್ನೂ ಗೊತ್ತಾಗಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಗಂಗಾವತಿ ತಾಲೂಕಿಗೆ, ಶ್ರೀರಾಮನಗರದಿಂದ ಆಚೆಗಿನ ಒಂದು ಊರಿಗೆ. ನಾವಿಬ್ಬರೂ ಹುಟ್ಟಿದ್ದು ಅದೇ ಕಾಲುವೆಯ ಕೆಳಗಿನ ಇನ್ನೊಂದು ಊರಿನಲ್ಲಿ. ಭಾವ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾರೆ, ಹೀಗಾಗಿ ಗದ್ದೆ ಪೂರಾ ಅಕ್ಕನ ಕೈಯಲ್ಲೇ ಇದೆ. ದೊಡ್ಡ ಕಾಲುವೆಯಿಂದ ಒಡೆದ ಉಪಕಾಲುವೆ, ಅದರಿಂದ ಒಡೆದ ಒಂದು ಸಣ್ಣ ಹೊಲಗಾಲುವೆ. ಹೊಲಗಾಲುವೆಯ ಉದ್ದಕ್ಕೂ ಒಬ್ಬೊಬ್ಬರ ಗದ್ದೆಗೆ ಒಂದೊಂದು ತೂಬು, ತೂಬಿಗೊಂದು ಹಲಗೆ. ಹಲಗೆ ಎತ್ತಿದರೆ ನೀರು ಆ ಗದ್ದೆಗೆ ತಿರುಗುತ್ತದೆ, ಇಳಿಸಿದರೆ ಮುಂದಕ್ಕೆ ಹೋಗುತ್ತದೆ. ಯಾರ ಪಾಳಿಯೋ ಅವರ ಹಲಗೆ ಎದ್ದಿರಬೇಕು. ಅಕ್ಕನ ಗದ್ದೆ ಕಡೆಯದು. ಹೊಲಗಾಲುವೆ ಅವಳ ಒಡ್ಡಿನ ಮೂಲೆಗೆ ಬಂದು ಮುಗಿಯುತ್ತದೆ.

ಆ ಊರಿನ ನೀರು ಬಳಕೆದಾರರ ಸಂಘದವರಿಗೆ ಹಲಗೆಗಳನ್ನು ಮೋಟರಿನಿಂದ ಎತ್ತಿ ಇಳಿಸುವ ಯಂತ್ರ ಬೇಕಾಗಿತ್ತು. ಒಂದು ಹೊಲಗಾಲುವೆಯಲ್ಲಿ ಪ್ರಯೋಗ ಮಾಡಿ ನೋಡೋಣ ಎಂದು ನಾನು ಪಾಠ ಮಾಡುವ ಕಾಲೇಜಿಗೆ ಬಂದರು. ಯಂತ್ರದ ಕೆಲಸ ಮೆಕ್ಯಾನಿಕಲ್ ವಿಭಾಗದವರಿಗೆ ಹೋಯಿತು. ಅದನ್ನು ನಡೆಸುವ ತಂತ್ರಾಂಶ ನನಗೂ ನಮ್ಮ ಗಣಿತದ ಸರ್‌ಗೂ ಬಂತು. ಕರಾರು ಬರೆಯುವವರು ಅವರು, ಅದನ್ನು ಕೋಡಿಗೆ ಇಳಿಸುವವಳು ನಾನು. ಪ್ರಯೋಗಕ್ಕೆ ಸಂಘ ಆರಿಸಿದ್ದು ಅಕ್ಕನ ಹೊಲಗಾಲುವೆಯನ್ನೇ. ಅದರಲ್ಲಿ ನನ್ನ ಕೈವಾಡವೇನೂ ಇರಲಿಲ್ಲ, ಆದರೆ ಇದ್ದಂತೆ ಕಂಡಿತು.

ಕರಾರು ಬರೆಯುವ ಮೊದಲು ಆ ಹೊಲಗಾಲುವೆಯವರನ್ನೆಲ್ಲ ಸಂಘದ ಕೋಣೆಯಲ್ಲಿ ಕೂಡಿಸಿದ್ದರು. ಸರ್ ಯಲಬುರ್ಗಾದವರು. ಕೂತ ಕೂಡಲೇ ಹೇಳಿಬಿಟ್ಟರು:

“ನೋಡ್ರಿ, ನಮ್ಮ ಕಡೆ ನೀರಿನ ಪಾಳಿ ಅಂದ್ರ ಟ್ಯಾಂಕರ್ ಮುಂದ ಕೊಡ ಇಡೂ ಪಾಳಿ. ಕಾಲುವಿ ಸುದ್ದಿ ನನಗ ಒಂದೂ ಗೊತ್ತಿಲ್ಲ. ಅದಕ್ಕ ನನಗೊಂದು ಹೇಳ್ರಿ, ಯಾವ ಹೊತ್ತಿನ್ಯಾಗೂ, ಏನ ಆದ್ರೂ, ಆಗಬಾರದ್ದು ಏನು?”

“ಎರಡು ಹಲಗಿ ಏಳಬಾರದು.” ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಸಂಘದ ಅಧ್ಯಕ್ಷರು ಮೇಜು ತಟ್ಟಿ ಹೇಳಿದರು. ಹಿಂದೆ ಗೋಡೆಗೆ ಕೂತಿದ್ದ ಅಕ್ಕನೂ ಸೆರಗು ಸರಿಮಾಡಿಕೊಂಡು, “ಹೌದ್ರಿ, ಎರಡು ಏಳಬಾರದು” ಅಂದಳು.

“ಒಂದೂ ಏಳದ ಇರಬಹುದೇನ್ರಿ?”

“ಅದ್ಹೆಂಗ್ ಆಗತೈತ್ರಿ? ಯಾರದರ ಪಾಳಿ ಇದ್ದ ಇರತೈತಲ್ಲ?”

ಸರ್ ಬರೆದುಕೊಂಡರು: ಎದ್ದಿರುವ ಹಲಗೆ ಯಾವಾಗಲೂ ಒಂದೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಭಾಷೆಯಲ್ಲಿ ಇಂಥದ್ದಕ್ಕೆ ಕಾಯಂ ನಿಯಮ ಎನ್ನುತ್ತೇವೆ. ಯಂತ್ರ ಏನೇ ಮಾಡಲಿ, ಅದು ನಿಜವಾಗಿಯೇ ಉಳಿಯಬೇಕು. ಆ ಒಂದು ಸಾಲನ್ನು ಸರ್ ಎಷ್ಟು ಚೆಂದ ಬರೆದಿದ್ದರೆಂದರೆ, ನೋಡಿ ನನಗೂ ಖುಷಿಯಾಗಿತ್ತು.

ತೊಂದರೆ ಶುರುವಾದದ್ದು ಕೋಡಿನಲ್ಲಿ. ಕರಾರಿನಲ್ಲಿ ಪಾಳಿ ಬದಲಾಗುವುದು ರೆಪ್ಪೆ ಬಡಿದಂತೆ. ಬಡಿಯುವ ಮೊದಲು ಮೇಲಿನವರ ಹಲಗೆ ಎದ್ದಿತ್ತು, ಬಡಿದ ಮೇಲೆ ಕೆಳಗಿನವರದು ಎದ್ದಿದೆ. ನಡುವೆ ಏನಾಯಿತು, ಯಾರು ಮಾಡಿದರು ಎಂದು ಕರಾರು ಕೇಳುವುದಿಲ್ಲ. ಕೋಡಿನಲ್ಲಿ ಹಾಗಲ್ಲ. ನಾನು ಬರೆಯುವ ಪದ್ಧತಿಯಲ್ಲಿ ಒಂದೊಂದು ಹಲಗೆಯೂ ಒಂದೊಂದು ಆಬ್ಜೆಕ್ಟು. ತನ್ನ ಸ್ಥಿತಿ ತನ್ನೊಳಗೇ ಇಟ್ಟುಕೊಂಡ, ತಾನು ಮಾಡುವ ಕೆಲಸ ತಾನೇ ಬಲ್ಲ ಒಂದು ಸಣ್ಣ ಸಂಸಾರ ಎನ್ನಿ. ‘ಇಳಿ’ ಎಂದರೆ ಇಳಿಯುತ್ತದೆ, ‘ಏಳು’ ಎಂದರೆ ಏಳುತ್ತದೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎರಡಕ್ಕೂ ಒಟ್ಟಿಗೆ ಹೇಳಲು ಬರುವುದಿಲ್ಲ, ಒಬ್ಬರಿಗೆ ಮೊದಲು ಹೇಳಲೇಬೇಕು.

ಮೊದಲು ಇಳಿಸಿ ಆಮೇಲೆ ಎತ್ತಿದೆ. ಕೆಂಪು: ನಡುವಿನ ಸಾಲಿನಲ್ಲಿ ಒಂದೂ ಎದ್ದಿಲ್ಲ. ಮೊದಲು ಎತ್ತಿ ಆಮೇಲೆ ಇಳಿಸಿದೆ. ಕೆಂಪು: ನಡುವಿನ ಸಾಲಿನಲ್ಲಿ ಎರಡು ಎದ್ದಿವೆ. ಎರಡನ್ನೂ ಒಂದೇ ಕೆಲಸವೆಂದು ಗಂಟು ಹಾಕಿ, ಗಂಟಿನೊಳಗೆ ಯಾರೂ ಇಣುಕಬಾರದು ಎಂದು ಬರೆದೆ. ಆಗಲೂ ಕೆಂಪು. ಯಾಕೆಂದರೆ ಹಲಗೆ ಕಬ್ಬಿಣದ್ದು, ಮೋಟರು ನಿಧಾನದ್ದು. ಗಂಟು ನನ್ನ ಕೋಡಿನಲ್ಲಿತ್ತೇ ಹೊರತು ನೀರಿನಲ್ಲಿ ಇರಲಿಲ್ಲ. ಅತ್ತೆ ದಿನಾ ನೋಡುತ್ತಿದ್ದ ಕೆಂಪು ಇದೇ.

ಸರ್‌ಗೆ ಹೇಳಿದೆ. ಅವರು ಸ್ಟಾಫ್ ರೂಮಿನಲ್ಲಿ ಮಂಡಕ್ಕಿ ತಿನ್ನುತ್ತ ಯೋಚಿಸಿ, “ನಿಯಮ ಸ್ವಲ್ಪ ಸಡಿಲ ಮಾಡೂಣ್ರಿ ಮೇಡಂ” ಅಂದರು. “ಒಂದೇ ಅನ್ನೂ ಬದಲಿ, ಒಂದಕ್ಕಿಂತ ಹೆಚ್ಚಿಲ್ಲ ಅಂತ ಬರೀತೀನಿ. ಅವರು ಕೇಳಿದ್ದೂ ಅದನ್ನಲ್ಲೇನು? ಎರಡು ಏಳಬಾರದು ಅಂತ.”

ಹಾಗೇ ಬರೆದುಕೊಟ್ಟರು. ನಾನು ಮೊದಲು ಇಳಿಸಿ ಆಮೇಲೆ ಎತ್ತುವ ಕೋಡನ್ನು ಕೊಟ್ಟೆ. ಹಸಿರು ಬಂತು. ಅತ್ತೆ, “ಅಂತೂ ಇಂತೂ ಬಿಡ್ತು ನೋಡು” ಎಂದು ನನಗಿಂತ ಹೆಚ್ಚು ಖುಷಿಪಟ್ಟರು. ನಾನು ಅವತ್ತು ಒಗ್ಗರಣೆ ಹಾಕುವಾಗ ಬೇಳೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತು ಮತ್ತೆ ಹಾಕಿದೆ. ಮನಸ್ಸು ಹಸಿರು ಗೆರೆಯ ಮೇಲಿರಲಿಲ್ಲ. ಒಂದಕ್ಕಿಂತ ಹೆಚ್ಚಿಲ್ಲ ಎಂದರೆ ಒಂದೂ ಇಲ್ಲದೆಯೂ ಇರಬಹುದು. ಒಂದು ಹಲಗೆ ಇಳಿದು, ಮುಂದಿನದು ಏಳದೆ ಹೋದರೆ? ಹೊಲಗಾಲುವೆಯ ಬಾಯಿ ನಮ್ಮ ಕೈಯಲ್ಲಿಲ್ಲ. ಅದರ ತೂಬಿನ ಬೀಗ ಇಲಾಖೆಯದು, ಹಂಗಾಮು ಮುಗಿಯುವತನಕ ತೆರೆದೇ ಇರುತ್ತದೆ. ನೀರು ಬರುತ್ತಲೇ ಇರುತ್ತದೆ. ಎಲ್ಲ ಹಲಗೆಗಳೂ ಇಳಿದಿದ್ದರೆ ಅದು ತುಂಬಿ, ಏರಿ, ಎಲ್ಲಿ ಕಾಲುವೆ ಮುಗಿಯುತ್ತದೋ ಅಲ್ಲಿ ಒಡ್ಡು ದಾಟುತ್ತದೆ. ಆ ಒಡ್ಡು ಅಕ್ಕನದು. ಆಗ ನಾಟಿ ನಡೆದಿತ್ತು.

ಏಳದಿದ್ದರೆ ಇಳಿದದ್ದನ್ನೇ ಮತ್ತೆ ಎತ್ತು ಎಂದು ಒಂದು ಸಾಲು ಸೇರಿಸಲು ನೋಡಿದೆ. ಮತ್ತೆ ಕೆಂಪು. ಪಾಳಿ ಮುಗಿದವನ ಗದ್ದೆಗೆ ನೀರು ತಿರುಗಬಾರದು ಎಂಬುದೂ ಅದೇ ಕರಾರಿನಲ್ಲಿತ್ತು. ಊರವರು ಅದನ್ನೂ ಅಷ್ಟೇ ಖಡಕ್ಕಾಗಿ ಹೇಳಿ ಬರೆಸಿದ್ದರು.

ಆ ವಾರ ಅಕ್ಕನ ಊರಿಗೆ ಹೋದೆ. ಮಂಗಳವಾರವಾದ್ದರಿಂದ ಬಸ್ಸು ಹುಲಿಗಿಯ ಅಮ್ಮನ ಗುಡಿಗೆ ಹೋಗುವವರಿಂದ ತುಂಬಿತ್ತು. ಅವರೆಲ್ಲ ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಶ್ರೀರಾಮನಗರದಿಂದ ಆಟೋ ಹಿಡಿದು ಹೋದಾಗ ಅಕ್ಕ ಗದ್ದೆಯಲ್ಲೇ ಇದ್ದಳು. ಸೀರೆ ಮೊಳಕಾಲಿಗೆ ಕಟ್ಟಿ, ಕಡೆಯ ಮಡಿಯಲ್ಲಿ ಸಸಿ ತಪ್ಪಿದ ಕಡೆ ಮತ್ತೆ ಊರುತ್ತಿದ್ದಳು.

“ಯಾಕ ಬಂದೀ? ಸೂಟಿ ಐತೇನ?”

“ಹಲಗಿ ನೋಡಾಕ ಬಂದೀನಿ.”

“ಹುಟ್ಟಿದಾಗಿಂದ ನೋಡೀದಿ. ಈಗೇನ ಅದಕ್ಕ ಬಾಲ ಬಂದೈತೇನು?”

ಯಂತ್ರ ಕೂಡಿಸಿದ್ದರೂ ಇನ್ನೂ ಚಾಲೂ ಮಾಡಿರಲಿಲ್ಲ, ಹಲಗೆ ಕೈಯಿಂದಲೇ ನಡೆಯುತ್ತಿತ್ತು. ಅವಳ ಪಾಳಿ ಬಂತು. ಅವಳು ಮೊದಲು ತನ್ನ ಹಲಗೆ ಎತ್ತಿದಳು. ನೀರು ಬರಲಿಲ್ಲ, ಯಾಕೆಂದರೆ ಮೇಲಿನ ಗದ್ದೆಯವನದು ಇನ್ನೂ ಎದ್ದೇ ಇತ್ತು. ಕಾಲು ತೊಳೆದುಕೊಂಡು ಒಡ್ಡಿನ ಮೇಲೆ ನಡೆದು ಅವನ ತೂಬಿನ ಹತ್ತಿರ ಹೋದಳು. ಅವನು ಅಲ್ಲೇ ಕೂತಿದ್ದ. ಇಬ್ಬರೂ ಯಾರದೋ ಮನೆಯ ಮದುವೆಯ ಮಾತಾಡಿದರು. ಅವನು ಎಲೆ ಅಡಿಕೆ ಕೊಟ್ಟ. ಅಕ್ಕ ಬಾಯಿಗೆ ಹಾಕಿಕೊಂಡು, ಆಮೇಲೆ ಬಗ್ಗಿ, ಅವನ ಹಲಗೆಯನ್ನು ತಾನೇ ಇಳಿಸಿದಳು. ಅವನು ಅದನ್ನು ಮುಟ್ಟಲಿಲ್ಲ. ನಮ್ಮ ಕಡೆ ಪದ್ಧತಿಯೇ ಹಾಗೆ, ಯಾರೂ ತಮ್ಮ ಹಲಗೆ ತಾವು ಇಳಿಸುವುದಿಲ್ಲ. ನೀರು ಒಯ್ಯುವವರು ಬಂದು ಇಳಿಸುತ್ತಾರೆ. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದ. ಎಷ್ಟು ಸಲ ನೋಡಿದ್ದೇನೋ. ಆದರೆ ಅಷ್ಟು ಹೊತ್ತೂ ಎರಡು ಹಲಗೆ ಎದ್ದಿರುತ್ತವೆ ಎಂದು ಅವತ್ತಿನತನಕ ಎಣಿಸಿ ನೋಡಿರಲಿಲ್ಲ.

“ಅಕ್ಕಾ, ಅವತ್ತ ಸಂಘದಾಗ ಎರಡು ಏಳಬಾರದು ಅಂದ್ಯಲ್ಲ?”

“ಹೌದ. ಏಳಬಾರದು.”

“ಈಗ ಎದ್ದಿದ್ವಲ್ಲ?”

“ಇದು ಏಳೂದಲ್ಲ, ಇದು ಬದಲಿ ಮಾಡೂದು. ಇಬ್ಬರೂ ಎದುರಿಗೇ ಇರತೀವಿ. ಎರಡು ಏಳೂದಂದ್ರ ಅವ ಇಲ್ಲದಾಗ ನಾ ಎತ್ತೂದು.” ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಕಲಿತಾಕಿಗೆ ಅಷ್ಟೂ ತಿಳಿಯಂಗಿಲ್ಲೇನ?”

ಸಂಘದ ಕೋಣೆಯಲ್ಲಿ ಎಲ್ಲರೂ ಬಾಯಲ್ಲಿ ಆಡುವ ನಿಯಮವನ್ನು ಹೇಳಿದ್ದರು. ಕೈಯಲ್ಲಿ ಮಾಡುವುದನ್ನು ಯಾರೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ನಿಯಮಕ್ಕೆ ಹೊರತು ಎಂದೇ ಅವರಿಗೆ ಅನ್ನಿಸಿರಲಿಲ್ಲ. ನನಗಾದರೂ ಎಲ್ಲಿ ಅನ್ನಿಸಿತ್ತು?

ಊಟಕ್ಕೆ ಕೂತಾಗ ನಾನು ಹೇಳಿದೆ: ಯಂತ್ರ ಮೊದಲು ಇಳಿಸಿ ಆಮೇಲೆ ಎತ್ತುತ್ತದೆ. ನಡುವೆ ಎಲ್ಲಿಯಾದರೂ ತಡೆದರೆ ನೀರೆಲ್ಲ ನಿನ್ನ ಮೂಲೆಗೆ ಬರುತ್ತದೆ. ಅದನ್ನು ತಿರುಗಿಸಿ ಬರೆಯಬೇಕು, ನಿಮ್ಮ ಪದ್ಧತಿಯ ಹಾಗೆ ಒಯ್ಯುವವರು ಮೊದಲು ಎತ್ತಲಿ. ಅದಕ್ಕೆ ಸಂಘ ಒಪ್ಪಬೇಕು. ನಾಳೆ ಅಧ್ಯಕ್ಷರ ಹತ್ತಿರ ಮಾತಾಡುತ್ತೇನೆ.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ನನ್ನ ಹೆಸರ ತಗೀಬ್ಯಾಡ.”

“ನಿನ್ನ ಹೆಸರಲ್ಲ, ಕಡೀ ಗದ್ದಿ ಅಂತೀನಿ.”

“ಕಡೀ ಗದ್ದಿ ಅಂದ್ರ ಮತ್ತ್ಯಾರು, ನಿಮ್ಮತ್ತ್ಯೇನು? ತಂಗೀನ ಕರಸಿ ಮಶೀನ್ ತನ್ನ ಕಡೆ ತಿರಿಗಿಸ್ಕೊಂಡ್ಲು ಅಂತಾರ. ನೀ ಮಾತಾಡಿ ಬಸ್ ಹತ್ತಿ ಹೋಕ್ಕೀ. ದಿನಾ ಆ ಒಡ್ಡಿನ ಮ್ಯಾಲ ಅಡ್ಡಾಡಾಕಿ ನಾ.”

“ಸಸಿ ಕೊಚ್ಚಿಕೊಂಡು ಹೋದ್ರ?”

“ಹೋದಾಗ ನೋಡೂಣಂತ. ನೀ ಉಣ್ಣು.”

ಅಧ್ಯಕ್ಷರನ್ನು ಕಾಣದೆಯೇ ಕೊಪ್ಪಳಕ್ಕೆ ಮರಳಿ ಸರ್ ಹತ್ತಿರ ಎಲ್ಲ ಹೇಳಿದೆ. ಅವರು ಹೊಸದಾಗಿ ಬರೆದುಕೊಟ್ಟರು: ಪಾಳಿ ಬದಲಾಗುವ ಹೊತ್ತಿನಲ್ಲಿ ಮಾತ್ರ ಕೊಡುವವನದು, ಒಯ್ಯುವವನದು ಎರಡೂ ಎದ್ದಿರಬಹುದು, ಒಂದೂ ಏಳದಿರುವ ಹೊತ್ತು ಮಾತ್ರ ಎಂದೂ ಬರಬಾರದು. ಅದಕ್ಕೆ ತಕ್ಕ ಕೋಡು ಬರೆದೆ. ಆಬ್ಜೆಕ್ಟುಗಳ ನಡುವಿನ ಹೊಣೆಯನ್ನೂ ತಿರುಗಿಸಿದೆ. ಹಲಗೆ ಇನ್ನು ತಾನಾಗಿ ಇಳಿಯುವುದಿಲ್ಲ, ಮುಂದಿನ ಹಲಗೆ ಎದ್ದು ನಿಂತು, ನೀನಿನ್ನು ಇಳಿ ಎಂದು ಹೇಳಿದರೆ ಮಾತ್ರ ಇಳಿಯುತ್ತದೆ. ಪಾಠದಲ್ಲಿ ಹುಡುಗರಿಗೆ ಹೀಗೆ ಬರೆಯಬೇಡಿ, ಒಂದು ಇನ್ನೊಂದರೊಳಗೆ ಕೈ ಹಾಕಬಾರದು ಎಂದು ಹೇಳುತ್ತೇನೆ. ಇಲ್ಲಿ ಅದೇ ಸರಿಹೋಯಿತು. ಹಸಿರು ಬಂತು. ಈ ಸಲ ನನಗೂ ಸಮಾಧಾನವಾಯಿತು.

“ಗಣಿತಕ್ಕ ಎರಡೂ ಒಂದ ರೀ ಮೇಡಂ,” ಅಂದರು ಸರ್. “ಈ ಕಡೆ ಸಡಿಲ ಬಿಟ್ರೂ ಆತು, ಆ ಕಡೆ ಬಿಟ್ರೂ ಆತು. ಯಾವ ಕಡೆ ಬಿಡಬೇಕು ಅನ್ನೂದು ಗಣಿತ ಹೇಳಂಗಿಲ್ಲ. ಅವರನ್ನ ಕೇಳಬೇಕು.”

ಕೇಳಲು ಹೋದೆವು. ಅದೇ ಕೋಣೆ, ಅದೇ ಜನ. ಅಕ್ಕ ಅದೇ ಗೋಡೆಗೆ ಕೂತು ನೆಲ ನೋಡುತ್ತಿದ್ದಳು. ನಾನು ಅವಳ ಕಡೆ ನೋಡದೆ, ಆದಷ್ಟು ಸಾವಕಾಶವಾಗಿ ವಿವರಿಸಿದೆ. ನೀವು ಕೈಯಲ್ಲಿ ಮಾಡುವುದೇ ಹೀಗೆ, ಯಂತ್ರಕ್ಕೂ ಹಾಗೇ ಹೇಳೋಣ ಎಂದೆ. ಅಧ್ಯಕ್ಷರು ಹಿರಿಯರು, ಸಿಟ್ಟಿನವರಲ್ಲ. ಪೂರಾ ಕೇಳಿಸಿಕೊಂಡರು.

“ಮೇಡಮ್ಮಾರ, ನೀವು ಹೇಳೂದು ನನಗ ತಿಳೀತು. ಕೈಲೆ ಮಾಡುವಾಗ ಇಬ್ಬರು ಮನಷ್ಯಾರು ಎದುರಿಗೆ ಇರತಾರ. ಮಶೀನಿನ ಮುಂದ ಯಾರೂ ಇರೂದಿಲ್ಲ. ಯಾವನೋ ಒಬ್ಬ ಹಾದು ಹೋಗುವಾಗ ಎರಡು ಎದ್ದಿದ್ದು ನೋಡ್ತಾನ. ನನ್ನ ನೀರು ಕದ್ರು ಅಂತಾನ. ಎರಡು ಹಲಗಿ ಎದ್ದ ದಿನ ನಾ ಪೊಲೀಸ್ ಸ್ಟೇಷನ್ ಮೆಟ್ಟಲಾ ಹತ್ತೀನಿ ರೀ. ಒಂದೂ ಏಳದ ದಿನ ಯಾರೂ ನನ್ನ ಕರದಿಲ್ಲ.”

“ಒಂದೂ ಏಳದ ದಿನ ಇಲ್ಲಿತನ ಬಂದ ಇಲ್ರಿ,” ಅಂದೆ.

“ಅದನ್ನ ನಾನೂ ಹೇಳೂದು. ಬಂದಿಲ್ಲ.”

ಮೇಲಿನ ಗದ್ದೆಯವರಲ್ಲಿ ಒಬ್ಬ, ನಗುನಗುತ್ತಲೇ, “ಕಂಪ್ಯೂಟರಿಗೂ ಕಡೀ ಗದ್ದಿ ಮ್ಯಾಲ ಭಾಳ ಮಾಯಾ ಬಂದಂಗ ಐತಲ್ರಿ” ಅಂದ. ಇನ್ನೊಬ್ಬ, “ದಿನಾ ನೀರ ಮುಟ್ಟೂದಿಲ್ಲ ಅಂತ ಅಳತಿದ್ರು. ಈಗ ನೀರು ಹೆಚ್ಚಾಗಿ ಬರತೈತಿ ಅಂತ ಅಳಾಕ ಹತ್ಯಾರ” ಅಂದ. ಕೋಣೆಯೆಲ್ಲ ನಕ್ಕಿತು. ಸರ್ ನಗಲಿಲ್ಲ, ಪೆನ್ನಿನ ಟೊಪ್ಪಿಗೆ ತೆಗೆದು ಹಾಕುತ್ತ ಕೂತರು. ನಾನು ಅಕ್ಕನ ಕಡೆ ನೋಡಿದೆ. ಅವಳೂ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

“ಎರಡು ಏಳೂದು ಬ್ಯಾಡ್ರಿ,” ಅಂದಳು. “ಮೊದಲ ಹೇಳಿದಂಗ ಇರಲಿ.”

ಒಂದಕ್ಕಿಂತ ಹೆಚ್ಚಿಲ್ಲ ಎಂದೇ ತೀರ್ಮಾನವಾಯಿತು. ಕರಾರು ಬರೆಸುವ ಹಕ್ಕು ಬಳಸುವವರದು. ಅದನ್ನು ನಾನೇ ತರಗತಿಯಲ್ಲಿ ಹೇಳಿಕೊಡುತ್ತೇನೆ. ಎದ್ದು ಬಂದೆವು. ಬಸ್‌ಸ್ಟಾಪಿನತನಕ ಅಕ್ಕ ಜೊತೆಗೆ ಬರಲಿಲ್ಲ. ಆಮೇಲೆ ಫೋನನ್ನೂ ಎತ್ತಲಿಲ್ಲ. ನಾನು ಬೆಳಿಗ್ಗೆ ಕಸ ಹೊಡೆಯುವ ಮೊದಲು ಒಂದು ಸಲ, ಕಾಲೇಜಿನಿಂದ ಬಂದು ಒಂದು ಸಲ ಮಾಡುತ್ತಿದ್ದೆ. ಭಾವ ಎತ್ತಿ, “ಗದ್ದ್ಯಾಗ ಅದಾಳ್ರಿ” ಅನ್ನುತ್ತಿದ್ದರು. ನಾಟಿ ಮುಗಿದ ಮೇಲೆ ಇಷ್ಟೊತ್ತು ಗದ್ದೆಯಲ್ಲಿ ಏನು ಕೆಲಸ ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ. ಅತ್ತೆ ಒಂದೆರಡು ದಿನ ನನ್ನ ಮುಖ ನೋಡಿ, “ಹಸರ ಬಂದ ಮ್ಯಾಲೂ ಹಿಂಗ ಕುಂತ್ರ ಹೆಂಗವಾ?” ಅಂದರು.

ಯಂತ್ರವನ್ನು ನೀರಿನಲ್ಲಿ ಚಾಲೂ ಮಾಡುವ ದಿನ ನಾವು ಹೋದಾಗ ಅಕ್ಕನ ಕೆಲಸ ಕಂಡಿತು. ಕಾಲುವೆ ಮುಗಿಯುವ ಮೂಲೆಯಲ್ಲಿ ಅವಳು ತನ್ನ ಒಡ್ಡನ್ನು ಕಡಿದಿದ್ದಳು. ಅಲ್ಲಿಂದ ಗದ್ದೆಯ ಅಂಚಿನುದ್ದಕ್ಕೂ, ಕೆಳಗಿನ ಬಸಿಗಾಲುವೆಯತನಕ, ಒಂದು ಆಳದ ಹಾದಿ ತೋಡಿದ್ದಳು. ಹೆಚ್ಚಾದ ನೀರು ಗದ್ದೆಗೆ ನುಗ್ಗದೆ ಅದರಲ್ಲಿ ಇಳಿದು ಹೋಗಬೇಕು. ಬಾಯಿಗೆ ಕಲ್ಲು ಕಟ್ಟಿದ್ದಳು. ಆ ಅಂಚಿನಲ್ಲಿ ಊರಿದ್ದ ಸಸಿಗಳನ್ನು ಕಿತ್ತು ಬೇರೆ ಮಡಿಗಳ ಸಂದಿಗೆ ತುಂಬಿದ್ದಳು. ಅವು ಒತ್ತೊತ್ತಾಗಿ, ಹಳದಿಯಾಗಿ ನಿಂತಿದ್ದವು.

“ಹೇಳಬಾರದಿತ್ತೇನ?” ಅಂದೆ.

“ನೀ ಹೇಳಿದ್ರಿಂದ ಏನಾತು?” ಅಂದಳು. ಸಿಟ್ಟಿನಿಂದಲ್ಲ. “ನನ್ನ ನೆಲದಾಗ ನಾ ತೋಡಿದ್ರ ಯಾರೂ ನಗೂದಿಲ್ಲ.”

ಯಂತ್ರ ಚಾಲೂ ಆಯಿತು. ಮೊದಲ ಪಾಳಿ ಬದಲಾದದ್ದು ನೋಡಲು ಚೆಂದವಾಗಿತ್ತು. ಮೇಲಿನ ಹಲಗೆ ಇಳಿಯಿತು, ಅದರ ಮುಂದಿನದು ಎದ್ದಿತು. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಆಮೇಲಿನ ಬದಲಿಯಲ್ಲಿ ಒಂದು ಇಳಿಯಿತು, ಮುಂದಿನದರ ಮೋಟರು ಗುಂಯ್ ಅಂದಿತು, ಹಲಗೆ ಏಳಲಿಲ್ಲ. ಹಲಗೆ ಏರಿಳಿಯುವ ಸಂದಿನಲ್ಲಿ ಹೂಳು ಕೂತಿತ್ತು. ಕೈಯಿಂದ ಎತ್ತುವಾಗ ಇಂಥದ್ದಕ್ಕೆ ಕಾಲಲ್ಲಿ ಒಂದು ಒದೆತ ಕೊಡುತ್ತಾರೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಯಂತ್ರ ನಡೆಸುವ ಪೆಟ್ಟಿಗೆಯ ಸುತ್ತ ನಿಂತಿದ್ದವರೆಲ್ಲ ಯಾವ ತಂತಿ ಕಡಿದಿದೆ ಎಂದು ಹುಡುಕತೊಡಗಿದರು. ಅಷ್ಟರಲ್ಲಿ ಹೊಲಗಾಲುವೆ ತುಂಬುತ್ತಿತ್ತು. ನೀರು ಸದ್ದಿಲ್ಲದೆ ಏರುತ್ತ, ಹುಲ್ಲು ಮುಳುಗಿಸುತ್ತ ಕೆಳಗೆ ಹೋಯಿತು. ನಾನು ಒಡ್ಡಿನ ಮೇಲೆ ಅದರ ಜೊತೆಗೇ ನಡೆದೆ. ಅಕ್ಕ ತನ್ನ ಕಡಿತದ ಹತ್ತಿರ ಸಲಿಕೆ ಹಿಡಿದು ನಿಂತಿದ್ದಳು. ನೀರು ಕಲ್ಲಿಗೆ ಬಡಿದು, ಒಂದು ಕ್ಷಣ ಗದ್ದೆಯ ಕಡೆ ಹೊರಳಿ, ಆಮೇಲೆ ಹಾದಿ ಹಿಡಿದು ಬಸಿಗಾಲುವೆಗೆ ಇಳಿಯಿತು. ಹಾದಿಯ ಪಕ್ಕದ ಸಸಿಗಳು ಬಾಗಿದವು, ಕಿತ್ತು ಹೋಗಲಿಲ್ಲ. ಕಲ್ಲೊಂದು ಸಡಿಲಾದಾಗ ಅಕ್ಕ ಅದರ ಮೇಲೆ ಕಾಲಿಟ್ಟು ನಿಂತಳು, ನೀರು ಇಳಿಯುವತನಕ.

ಅಧ್ಯಕ್ಷರು ನಡೆದು ಬಂದು ನೋಡಿದರು.

“ನೋಡ್ರಿ ಮೇಡಮ್ಮಾರ, ಏನೂ ಆಗಲಿಲ್ಲ. ಎರಡು ಏಳಲಿಲ್ಲ, ಯಾರ ಗದ್ದೀನೂ ಮುಳುಗಲಿಲ್ಲ. ಇದನ್ನೂ ನಿಮ್ಮ ಕರಾರಿನ್ಯಾಗ ಹಾಕಿಬಿಡ್ರಿ, ಕಡೀಗೊಂದು ದಾರಿ ಇರತೈತಿ ಅಂತ.” ಮತ್ತೆ ಅಕ್ಕನಿಗೆ, “ಛಲೋ ಮಾಡೀರಿ ತಂಗಿ” ಅಂದರು. ಅವರು ಮನಸಾರೆ ಹೇಳಿದರು. ಅಕ್ಕನೂ “ಹೂಂ ರೀ” ಅಂದಳು.

ಕೊಪ್ಪಳಕ್ಕೆ ಬಂದು ಹಾಗೇ ಮಾಡಿದೆವು. ನೀರು ಎಂದೂ ಗದ್ದೆಗೆ ನುಗ್ಗಬಾರದು ಎಂಬ ಹೊಸ ಸಾಲು ಕರಾರಿಗೆ ಸೇರಿತು. ಮೊದಲಿನ ಕೋಡಿಗೆ ಅದನ್ನು ಸಾಧಿಸಿ ತೋರಿಸಲು ಆಗುವುದಿಲ್ಲ, ಕೆಂಪೇ ಬರುತ್ತದೆ. ಅದಕ್ಕೆ ಒಂದು ಗೃಹೀತ ಬೇಕು. ಗೃಹೀತ ಎಂದರೆ ತಾಳೆ ನೋಡುವ ಪ್ರೋಗ್ರಾಮಿಗೆ, ಇದನ್ನು ಕೇಳಬೇಡ, ನಿಜವೆಂದು ಹಿಡಿದು ಮುಂದೆ ನಡೆ ಎಂದು ನಾವು ಹೇಳುವ ಮಾತು. ನಾನು ಆ ಒಂದು ಸಾಲು ಬರೆದೆ: ಕಡೆಯ ದಾರಿ ಸದಾ ತೆರೆದಿರುತ್ತದೆ. ಓಡಿಸಿದೆ. ಯಾರು ತೆರೆದಿಡುತ್ತಾರೆ ಎಂದು ಪ್ರೋಗ್ರಾಮು ಕೇಳಲಿಲ್ಲ. ಹಸಿರು.

ಆ ಸಂಜೆ ಅಕ್ಕ ತಾನೇ ಫೋನು ಮಾಡಿದಳು.

“ಪಾಸಾತೇನ?”

“ಆತು.”

“ಮತ್ತ್ಯಾಕ ದನಿ ಹಂಗೈತಿ?”

“ಏನಿಲ್ಲ. ಆ ದಾರ್‍ಯಾಗ ಹೂಳು ತುಂಬೂದಿಲ್ಲೇನ?”

“ತುಂಬಲಾರದ ಏನ? ಮಳಿ ಬಂದ್ರ ತುಂಬತೈತಿ. ತಗೀಬೇಕು.”

“ಸಂಘದವರಿಗೆ ಹೇಳು, ಆಳು ಕಳಸಲಿ.”

“ಮತ್ತ ಶುರು ಮಾಡಿದೇನ?” ಅಂದಳು. ಆಮೇಲೆ ಮಾತು ತಿರುಗಿಸಿ, ಅತ್ತೆಯ ಮೊಳಕಾಲು ಹೇಗಿದೆ ಎಂದು ಕೇಳಿದಳು.

ಫೋನಿಟ್ಟ ಮೇಲೆ ನಾನು ಕೋಡು ತೆರೆದು ಆ ಗೃಹೀತದ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದೆ: ‘ಈ ದಾರಿಯನ್ನು ಕಡೆಯ ಗದ್ದೆಯವರು ತಮ್ಮ ನೆಲ ಬಿಟ್ಟುಕೊಟ್ಟು, ತಮ್ಮ ಸಲಿಕೆಯಿಂದ ತೆರೆದಿಡುತ್ತಾರೆ. ಅವರು ಬಿಟ್ಟರೆ ಮೇಲಿನದು ಯಾವುದೂ ನಿಜವಲ್ಲ.’ ಮತ್ತೆ ಓಡಿಸಿದೆ. ಟಿಪ್ಪಣಿಗಳನ್ನು ಅದು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಸರ್ ಓದಿದರು. ಓದಿ, ಅಳಿಸಬೇಡಿ ಎಂದರು. ಸಂಘಕ್ಕೆ ಕೊಡುವುದು ಯಂತ್ರದ ಪೆಟ್ಟಿಗೆ ಮಾತ್ರ, ಓದಲು ಬರುವ ಕೋಡು ಅದರಲ್ಲಿ ಇರುವುದಿಲ್ಲ.

ಈಗ ಕೊಪ್ಪಳದಲ್ಲಿ ಮೋಡ ಕಟ್ಟಿದರೆ ನಾನು ಒಣಹಾಕಿದ ಬಟ್ಟೆ ತೆಗೆಯುವ ಮೊದಲು ಗಂಗಾವತಿ ಕಡೆಯ ಆಕಾಶ ನೋಡುತ್ತೇನೆ. ಅತ್ತೆಗೆ ಗೊತ್ತಾಗುತ್ತದೆ. “ಮಾಡು, ಅಕ್ಕಗ ಮಾಡಿ ಕೇಳು” ಎನ್ನುತ್ತಾರೆ. ಮಾಡುತ್ತೇನೆ. ಅವಳು ಬೇಗ ಎತ್ತಿದರೂ ಗಾಳಿಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ.

“ಗದ್ದಿಗಿ ಹೊಂಟೀನಿ,” ಅನ್ನುತ್ತಾಳೆ. “ಆಮ್ಯಾಲ ಮಾತಾಡ್ತೀನಿ, ಇಡು.”